ಕಾನೂನು ಪ್ರಶ್ನೋತ್ತರ: ಕಂಪನಿಯ ಮೇಲೆ ದಾವೆ, ನಿರ್ದೇಶಕರ ಮನೆಗೆ ಸಮನ್ಸ್

ಪ್ರಶ್ನೆ: ನಾವು ಮೂವರು ನಿರ್ದೇಶಕರಿರುವ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕಚ್ಚಾ ಸಾಮಗ್ರಿ ಪೂರೈಸುತ್ತಿದ್ದವರು ಬಾಕಿ ಹಣಕ್ಕಾಗಿ ವಾಣಿಜ್ಯ ನ್ಯಾಯಾಲಯದಲ್ಲಿ ದಾವೆ ಹೂಡಿದ್ದಾರೆ. ಕಂಪನಿಯನ್ನು ಒಂದನೇ ಪ್ರತಿವಾದಿಯಾಗಿಯೂ ನಮ್ಮನ್ನು ಎರಡರಿಂದ ನಾಲ್ಕನೇ ಪ್ರತಿವಾದಿಗಳಾಗಿಯೂ ಹೆಸರಿಸಿ, ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಹಣ ಕೊಡಿಸಬೇಕೆಂದು ಕೇಳಿದ್ದಾರೆ. ಖರೀದಿ ಆದೇಶಗಳಿಗೆ ಸಹಿ ಹಾಕಿದವರು ಇನ್ನೊಬ್ಬ ನಿರ್ದೇಶಕರು; ನಾನು ತಾಂತ್ರಿಕ ವಿಭಾಗವನ್ನಷ್ಟೇ ನೋಡಿಕೊಳ್ಳುತ್ತೇನೆ. ಕಂಪನಿಯ ಪರವಾಗಿ ವಕೀಲರು ಉತ್ತರ ಸಲ್ಲಿಸಿದರೆ ಸಾಲದೇ? ಕಂಪನಿ ಸೋತರೆ ನನ್ನ ಮನೆ ಜಪ್ತಿಯಾಗುತ್ತದೆಯೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯೇ ಹೆಚ್ಚು ತುರ್ತಿನದು. ಕಂಪನಿ ಸಲ್ಲಿಸುವ ಉತ್ತರ ಕಂಪನಿಯದು ಮಾತ್ರ. ನಿಮ್ಮ ಹೆಸರಿಗೆ ಸಮನ್ಸ್ ಬಂದಿರುವುದರಿಂದ ನೀವು ಪ್ರತ್ಯೇಕವಾಗಿ ಲಿಖಿತ ಹೇಳಿಕೆ ಸಲ್ಲಿಸಬೇಕು, ಇಲ್ಲವೇ ಕಂಪನಿಯ ಹೇಳಿಕೆ ನಿಮ್ಮ ಪರವಾಗಿಯೂ ಇದೆಯೆಂದು ಸ್ಪಷ್ಟವಾಗಿ ಬರೆದು ಅದಕ್ಕೆ ನೀವೂ ಸಹಿ ಹಾಕಬೇಕು. ವಾಣಿಜ್ಯ ದಾವೆಗಳಲ್ಲಿ ಸಮನ್ಸ್ ತಲುಪಿದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕೆಂಬುದು ನಿಯಮ. ನ್ಯಾಯಾಲಯ ಕಾರಣ ದಾಖಲಿಸಿ, ವೆಚ್ಚ ವಿಧಿಸಿ ಅವಧಿ ವಿಸ್ತರಿಸಬಹುದಾದರೂ 120ನೇ ದಿನ ಕಳೆದ ಮೇಲೆ ಆ ಹಕ್ಕೇ ನಷ್ಟವಾಗುತ್ತದೆ. ಈ ಗಡುವನ್ನು ಸಡಿಲಿಸಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಖಚಿತವಾಗಿ ಹೇಳಿದೆ. ‘ನನಗೂ ಈ ವ್ಯವಹಾರಕ್ಕೂ ಸಂಬಂಧವಿಲ್ಲ’ ಎಂಬ ನಿಜವಾದ ವಾದವಿದ್ದೂ, ಅದನ್ನು ಸಮಯಕ್ಕೆ ಸರಿಯಾಗಿ ಬರೆದುಕೊಡದೆ ಕೈಕಟ್ಟಿ ಕುಳಿತವರು ನಿರ್ದೇಶಕರ ಪೈಕಿ ಕಡಿಮೆಯೇನಲ್ಲ.

ಇನ್ನು ಹೊಣೆಯ ವಿಚಾರ. ಕಂಪನಿ ಎಂಬುದು ಕಾನೂನಿನ ಕಣ್ಣಿನಲ್ಲಿ ಅದರ ನಿರ್ದೇಶಕರಿಂದಲೂ ಷೇರುದಾರರಿಂದಲೂ ಬೇರೆಯಾದ ಒಬ್ಬ ವ್ಯಕ್ತಿ. ಈ ತತ್ವವನ್ನು ಗಟ್ಟಿಗೊಳಿಸಿದ್ದು ಇಂಗ್ಲೆಂಡಿನ ಆಗಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ 1896ರಲ್ಲಿ ಕೊಟ್ಟ ಸಾಲೋಮನ್ ತೀರ್ಪು. ಪಾದರಕ್ಷೆ ವ್ಯಾಪಾರಿ ಸಾಲೋಮನ್ ಅವರ ಕಂಪನಿಯ 20,007 ಷೇರುಗಳಲ್ಲಿ 20,001 ಅವರ ಕೈಯಲ್ಲೇ ಇದ್ದವು. ಉಳಿದ ಆರು ಷೇರುಗಳು ಹೆಂಡತಿ ಮಕ್ಕಳ ಹೆಸರಿನಲ್ಲಿ ಒಂದೊಂದರಂತೆ ಇದ್ದವು. ಹಾಗಿದ್ದೂ ಕಂಪನಿಯ ಸಾಲ ಸಾಲೋಮನ್ ಅವರ ಸಾಲವಲ್ಲ ಎಂದೇ ತೀರ್ಮಾನವಾಯಿತು. ನಮ್ಮ ನ್ಯಾಯಾಲಯಗಳೂ ಇದೇ ತತ್ವವನ್ನು ಅನುಸರಿಸುತ್ತ ಬಂದಿವೆ. ಜೊತೆಗೆ, ಪ್ರತಿನಿಧಿಯೊಬ್ಬ ಒಡೆಯನ ಪರವಾಗಿ ಮಾಡಿಕೊಂಡ ಕರಾರಿಗೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಸ್ವತಃ ಬದ್ಧನಲ್ಲ ಎಂದು 1872ರ ಕರಾರು ಕಾಯ್ದೆಯ 230ನೇ ಕಲಂ ಹೇಳುತ್ತದೆ. ಆದ್ದರಿಂದ ಸಹಿ ಹಾಕಿದ ನಿಮ್ಮ ಸಹನಿರ್ದೇಶಕರು ಕೂಡ, ಕಂಪನಿಯ ಪರವಾಗಿ ಎಂದು ನಮೂದಿಸಿ ಸಹಿ ಮಾಡಿದ್ದರೆ, ಅದೊಂದೇ ಕಾರಣಕ್ಕೆ ಬಾಕಿಯ ಹೊಣೆ ಹೊರಬೇಕಾಗಿಲ್ಲ. ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಎಂದು ವಾದಿ ಕೇಳಿದ ಮಾತ್ರಕ್ಕೆ ಇಲ್ಲದ ಹೊಣೆ ಹುಟ್ಟುವುದಿಲ್ಲ.

ಹಾಗಾದರೆ ನಿರ್ದೇಶಕರ ಹೆಸರನ್ನು ಏಕೆ ಸೇರಿಸುತ್ತಾರೆ? ಎಷ್ಟೋ ದಾವೆಗಳಲ್ಲಿ ಅದು ಒತ್ತಡ ಹೇರುವ ತಂತ್ರ ಎಂಬುದು ನನ್ನ ಅಭಿಪ್ರಾಯ. ಆದರೆ ಎಲ್ಲ ಕಡೆಯೂ ಹಾಗೆಂದು ಭಾವಿಸಿ ಹಗುರಾಗಿ ತೆಗೆದುಕೊಳ್ಳಬಾರದು. ವಾದಪತ್ರವನ್ನು, ಅಂದರೆ ದಾವೆ ಹೂಡಿದವರು ನ್ಯಾಯಾಲಯಕ್ಕೆ ಕೊಟ್ಟ ಬರಹವನ್ನು, ಓದುವಾಗ ನಿಮ್ಮ ಹೆಸರಿನ ಪಕ್ಕದಲ್ಲಿ ಯಾವ ಕ್ರಿಯಾಪದವಿದೆ ಎಂಬುದನ್ನು ಹುಡುಕಿ: ನೀವು ಖಾತರಿ ಕೊಟ್ಟಿರಿ ಎಂದಿದೆಯೇ, ಸುಳ್ಳು ಹೇಳಿ ಸರಕು ಪಡೆದಿರಿ ಎಂದಿದೆಯೇ, ಕಂಪನಿಯ ಹಣವನ್ನು ಸ್ವಂತಕ್ಕೆ ಸಾಗಿಸಿದಿರಿ ಎಂದಿದೆಯೇ, ಅಥವಾ ಬರಿದೇ ‘ನಿರ್ದೇಶಕರಾಗಿದ್ದಾರೆ’ ಎಂದಿದೆಯೇ. ಕೊನೆಯದಷ್ಟೇ ಇದ್ದರೆ ನಿಮ್ಮ ವಿರುದ್ಧ ದಾವಾ ಕಾರಣವೇ (ದಾವೆ ಹೂಡಲು ಹಕ್ಕು ಕೊಡುವ ಸಂಗತಿಗಳೇ) ಇಲ್ಲವೆಂದು ವಾದಿಸಬಹುದು. ಮೊದಲ ಮೂರರಲ್ಲಿ ಯಾವುದಿದ್ದರೂ ವಿಷಯ ಬೇರೆ, ಏಕೆಂದರೆ ಅಲ್ಲಿ ನಿಮ್ಮ ಮೇಲೆ ಬರುವುದು ಕಂಪನಿಯ ಹೊಣೆಯಲ್ಲ, ನಿಮ್ಮದೇ ಹೊಣೆ. ತಾನೇ ಎಸಗಿದ ವಂಚನೆಗೆ ‘ಕಂಪನಿಗಾಗಿ ಮಾಡಿದೆ’ ಎಂಬ ಸಮಜಾಯಿಷಿಯನ್ನು ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ. ಆದರೆ ವಂಚನೆಯೆಂದು ಆರೋಪಿಸುವವರು ದಿನಾಂಕ ಸಹಿತ ವಿವರಗಳನ್ನು ವಾದಪತ್ರದಲ್ಲೇ ಕೊಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಬರೀ ಆ ಪದವನ್ನು ಬರೆದರೆ ಸಾಲದು. ನಿಮ್ಮ ಉತ್ತರದಲ್ಲಿಯೂ ಪ್ರತಿಯೊಂದು ಆರೋಪವನ್ನು ಕಾರಣ ಕೊಟ್ಟು ಅಲ್ಲಗಳೆಯಿರಿ. ‘ಎಲ್ಲವನ್ನೂ ನಿರಾಕರಿಸಲಾಗಿದೆ’ ಎಂಬ ಒಂದು ಸಾಲಿನ ನಿರಾಕರಣೆ ವಾಣಿಜ್ಯ ದಾವೆಯಲ್ಲಿ ಒಪ್ಪಿಗೆಗೆ ಸಮವಾಗಬಹುದು.

ಇಲ್ಲೊಂದು ತೊಡಕಿದೆ. ದಾವಾ ಕಾರಣವಿಲ್ಲವೆಂದು ತೋರಿದೊಡನೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7 ನಿಯಮ 11ರ ಅಡಿಯಲ್ಲಿ ‘ನಿರ್ದೇಶಕರ ಮಟ್ಟಿಗೆ ವಾದಪತ್ರವನ್ನು ತಿರಸ್ಕರಿಸಿ’ ಎಂದು ಅರ್ಜಿ ಹಾಕುವ ರೂಢಿಯಿದೆ. ಕಂಪನಿ ಮತ್ತು ಅದರ ನಿರ್ದೇಶಕರ ಮೇಲೆ ಹೂಡಿದ್ದ ಇಂಥದೇ ದಾವೆಯೊಂದರಲ್ಲಿ, ವಾದಪತ್ರವನ್ನು ತುಂಡು ಮಾಡಿ ಕೆಲವರ ಮಟ್ಟಿಗೆ ಮಾತ್ರ ತಿರಸ್ಕರಿಸಲಾಗದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ನಿಮ್ಮನ್ನು ಅನಗತ್ಯವಾಗಿ ಪಕ್ಷಕಾರರನ್ನಾಗಿ ಮಾಡಲಾಗಿದೆಯೆಂದು ಅದೇ ಸಂಹಿತೆಯ ಆದೇಶ 1 ನಿಯಮ 10ರ ಅಡಿಯಲ್ಲಿ ಹೆಸರು ಕೈಬಿಡುವಂತೆ ಕೋರುವ ಮಾರ್ಗದ ಬಗ್ಗೆ ನಿಮ್ಮ ವಕೀಲರೊಡನೆ ಚರ್ಚಿಸಿ. ಅರ್ಜಿ ತೀರ್ಮಾನವಾಗಲಿ ಎಂದು ಲಿಖಿತ ಹೇಳಿಕೆಯನ್ನು ಮಾತ್ರ ತಡೆಹಿಡಿಯಬೇಡಿ.

ಮನೆಯ ವಿಚಾರಕ್ಕೆ ಬಂದರೆ, ಡಿಕ್ರಿ (ಹಣ ಕೊಡಬೇಕೆಂಬ ನ್ಯಾಯಾಲಯದ ಅಂತಿಮ ಆದೇಶ) ಕಂಪನಿಯೊಂದರ ಮೇಲೆ ಮಾತ್ರ ಆದಾಗ ಅದರ ಜಾರಿಗೆಂದು ನಿರ್ದೇಶಕರ ಸ್ವಂತ ಆಸ್ತಿಯನ್ನು ಜಪ್ತಿ ಮಾಡಲು ಬರುವುದಿಲ್ಲ. ಆದರೆ ಕಂಪನಿಯ ಆಸ್ತಿಪಾಸ್ತಿಯ ವಿವರ ಕೊಡಲು ಅದರ ಅಧಿಕಾರಿಯನ್ನು ನ್ಯಾಯಾಲಯ ಕರೆಸಿ ವಿಚಾರಿಸಬಹುದು. ಆ ಕರೆಯನ್ನು ಕಡೆಗಣಿಸುವಂತಿಲ್ಲ. ಸಮನ್ಸ್ ಬಂದ ಮೇಲೆ ಮನೆಯನ್ನು ಮನೆಯವರ ಹೆಸರಿಗೆ ವರ್ಗಾಯಿಸಿದರೆ ಹೇಗೆ ಎಂದು ಹಲವರು ಕೇಳುತ್ತಾರೆ. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಸಾಲಕೊಟ್ಟವರನ್ನು ತಪ್ಪಿಸುವ ಉದ್ದೇಶದ ವರ್ಗಾವಣೆಯನ್ನು ಸ್ವತ್ತು ವರ್ಗಾವಣೆ ಕಾಯ್ದೆಯ 53ನೇ ಕಲಮಿನಡಿ ರದ್ದುಪಡಿಸಬಹುದು. ಅದಕ್ಕಿಂತಲೂ ಕೆಟ್ಟದ್ದೆಂದರೆ, ಪ್ರಾಮಾಣಿಕ ನಿರ್ದೇಶಕರ ಮೇಲೂ ಅದು ಸಂಶಯ ತರುತ್ತದೆ.

ಕಂಪನಿ ನಷ್ಟದಲ್ಲಿದೆಯೇ ಎಂದು ನೀವು ಬರೆದಿಲ್ಲ. ಇದ್ದರೆ 2016ರ ದಿವಾಳಿ ಸಂಹಿತೆಯ 66ನೇ ಕಲಮನ್ನು ಗಮನಿಸಬೇಕು. ದಿವಾಳಿ ಪ್ರಕ್ರಿಯೆಯಿಂದ ಪಾರಾಗುವ ಸಾಧ್ಯತೆ ಇಲ್ಲವೆಂದು ತಿಳಿದಿದ್ದೂ, ಅಥವಾ ತಿಳಿದಿರಬೇಕಾಗಿದ್ದೂ, ಸಾಲದಾತರ ನಷ್ಟವನ್ನು ಕಡಿಮೆ ಮಾಡಲು ತಕ್ಕ ಜಾಗರೂಕತೆ ವಹಿಸದ ನಿರ್ದೇಶಕರಿಂದ ಕಂಪನಿಯ ಆಸ್ತಿಗೆ ಹಣ ತುಂಬಿಸಲು ನ್ಯಾಯಮಂಡಳಿ ಆದೇಶಿಸಬಹುದು. ತಾಂತ್ರಿಕ ವಿಭಾಗ ಮಾತ್ರ ನನ್ನದು ಎಂಬ ನಿಮ್ಮ ಮಾತು ಪೂರೈಕೆದಾರರ ದಾವೆಯಲ್ಲಿ ನೆರವಾದೀತು. ಇಲ್ಲಿ ಅದಕ್ಕೆ ಅಷ್ಟು ತೂಕವಿಲ್ಲ. ಆಡಳಿತ ಮಂಡಳಿಯ ಸಭೆಯಲ್ಲಿ ಹೊಸ ಸರಕು ತರಿಸುವುದನ್ನು ನೀವು ವಿರೋಧಿಸಿದ್ದರೆ ಅದು ನಡಾವಳಿಯಲ್ಲಿ ದಾಖಲಾಗಿದೆಯೇ ನೋಡಿಕೊಳ್ಳಿ.

ಪ್ರಶ್ನೆ: ಕಂಪನಿಯ ಬ್ಯಾಂಕ್ ಸಾಲಕ್ಕೆ ನಾನು ವೈಯಕ್ತಿಕ ಜಾಮೀನು ಬರೆದುಕೊಟ್ಟಿದ್ದೆ. ಆಮೇಲೆ ನಿರ್ದೇಶಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟೆ. ಈಗ ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿದ್ದು, ಬ್ಯಾಂಕಿನವರು ನನಗೆ ನೋಟಿಸ್ ಕಳಿಸಿದ್ದಾರೆ. ಇದು ಸರಿಯೇ?

ಉತ್ತರ: ಸರಿ. ರಾಜೀನಾಮೆ ಕೊಟ್ಟದ್ದು ಹುದ್ದೆಗೆ. ಜಾಮೀನು ಬ್ಯಾಂಕಿಗೂ ನಿಮಗೂ ನಡುವಿನ ಬೇರೆಯೇ ಕರಾರು. ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದುದು ಎಂದು ಕರಾರು ಕಾಯ್ದೆಯ 128ನೇ ಕಲಂ ಹೇಳುತ್ತದೆ. ದಿವಾಳಿ ಪ್ರಕ್ರಿಯೆಯ ವೇಳೆ ವಸೂಲಿ ಕ್ರಮಗಳನ್ನು ನಿಲ್ಲಿಸುವಂತೆ ಕಂಪನಿಗೆ ದೊರೆತ ತಡೆಯಾಜ್ಞೆಯ ರಕ್ಷಣೆ ವೈಯಕ್ತಿಕ ಜಾಮೀನುದಾರರಿಗೆ ಇಲ್ಲವೆಂದು 2018ರಲ್ಲೂ, ಕಂಪನಿಯ ಸಾಲ ತೀರಿಸಿ ಅದನ್ನು ಉಳಿಸಿಕೊಳ್ಳುವ ಪರಿಹಾರ ಯೋಜನೆಗೆ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ಜಾಮೀನುದಾರರು ತಾವಾಗಿಯೇ ಮುಕ್ತರಾಗುವುದಿಲ್ಲವೆಂದು 2021ರಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮದು ಮುಂದುವರಿಯುವ ಜಾಮೀನಾಗಿದ್ದು (ಒಂದೇ ಸಾಲಕ್ಕಲ್ಲದೆ ಸಾಲು ವ್ಯವಹಾರಗಳಿಗೆ ಅನ್ವಯಿಸುವಂಥದ್ದು), ಮುಂದಿನ ವ್ಯವಹಾರಗಳಿಗೆ ಅದನ್ನು ಹಿಂತೆಗೆದುಕೊಂಡು ಬ್ಯಾಂಕಿಗೆ ಲಿಖಿತವಾಗಿ ತಿಳಿಸಿದ್ದರೆ ಆ ಪತ್ರವನ್ನು ಹುಡುಕಿ ತೆಗೆಯಿರಿ; ಜಾಮೀನು ಪತ್ರದ ಷರತ್ತುಗಳು ಅದಕ್ಕೆ ಅಡ್ಡಿಯಾಗಿಲ್ಲದಿದ್ದರೆ, ನೋಟಿಸಿನ ನಂತರ ಕೊಟ್ಟ ಸಾಲದಿಂದಾದರೂ ನಿಮಗೆ ಬಿಡುಗಡೆ ಸಿಕ್ಕೀತು.

ಪ್ರಶ್ನೆ: ನಿವೃತ್ತ ಪ್ರಾಧ್ಯಾಪಕನಾದ ನನ್ನನ್ನು ಕಂಪನಿಯೊಂದು ಸ್ವತಂತ್ರ ನಿರ್ದೇಶಕನಾಗಲು ಆಹ್ವಾನಿಸಿದೆ. ಕಂಪನಿಯ ಚೆಕ್ ಬೌನ್ಸ್ ಆದರೆ ನನ್ನ ಮೇಲೂ ಪ್ರಕರಣ ಬರುತ್ತದೆಯೇ?

ಉತ್ತರ: ದೂರಿನಲ್ಲಿ ಹೆಸರು ಬರಬಹುದು, ಆದರೆ ಹೆಸರು ಬಂದ ಮಾತ್ರಕ್ಕೆ ಹೊಣೆ ನಿಲ್ಲುವುದಿಲ್ಲ. ಬರೀ ನಿರ್ದೇಶಕರಾಗಿರುವುದು ಸಾಲದು, ಅಪರಾಧ ನಡೆದ ಕಾಲದಲ್ಲಿ ಕಂಪನಿಯ ವ್ಯವಹಾರದ ಉಸ್ತುವಾರಿ ಮತ್ತು ಹೊಣೆ ಹೊತ್ತಿದ್ದರೆಂದು ದೂರಿನಲ್ಲೇ ಹೇಳಿರಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ವಿವರಿಸಿದೆ; ವ್ಯವಸ್ಥಾಪಕ ನಿರ್ದೇಶಕರು ಮತ್ತು ಚೆಕ್ಕಿಗೆ ಸಹಿ ಹಾಕಿದವರ ಸ್ಥಿತಿ ಬೇರೆ. 2013ರ ಕಂಪನಿಗಳ ಕಾಯ್ದೆಯ 149(12)ನೇ ಕಲಂ ಕೂಡ, ಮಂಡಳಿಯ ಕಾರ್ಯಕಲಾಪದ ಮೂಲಕ ನಿಮ್ಮ ಅರಿವಿಗೆ ಬಂದು, ನಿಮ್ಮ ಸಮ್ಮತಿಯಿಂದಲೋ ಶಾಮೀಲಿನಿಂದಲೋ ಅಜಾಗರೂಕತೆಯಿಂದಲೋ ನಡೆದ ಕೃತ್ಯಗಳಿಗೆ ನಿಮ್ಮ ಹೊಣೆಯನ್ನು ಸೀಮಿತಗೊಳಿಸಿದೆ. ಸಭೆಗೆ ಹೋಗದಿರುವುದು ಈ ರಕ್ಷಣೆಯ ದಾರಿಯಲ್ಲ, ಏಕೆಂದರೆ ಅದನ್ನೇ ಅಜಾಗರೂಕತೆಯೆಂದು ಎತ್ತಿ ತೋರಿಸಲು ಬರುತ್ತದೆ. ಒಪ್ಪುವ ಮೊದಲು ಕಂಪನಿಯ ಹಿಂದಿನ ವರ್ಷಗಳ ಲೆಕ್ಕಪರಿಶೋಧನಾ ವರದಿಗಳನ್ನು ಕೇಳಿ ಪಡೆದು ಓದಿ. ಮುಂದೆ ಬಿಡಬೇಕೆನಿಸಿದರೆ ರಾಜೀನಾಮೆಯನ್ನು ಕಂಪನಿಗೆ ಕೊಟ್ಟು ಸುಮ್ಮನಾಗದೆ, ಅದರ ಪ್ರತಿಯನ್ನು ಕಂಪನಿಗಳ ರಿಜಿಸ್ಟ್ರಾರ್‌ಗೆ ನೀವೇ ಸಲ್ಲಿಸಿ.