ಕೌಲ್ ಬಜಾರ್ ಬೀದಿದೀಪ ಯಾರು ನೋಡ್ಕೋತಾರೆ?

ಹುಬ್ಬಳ್ಳಿಯಿಂದ ಬಂದು ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಮನೆ ಮಾಡಿದ್ದೀರಿ, ಬೀದಿದೀಪ ಉರಿಯುತ್ತಿಲ್ಲ, ಚರಂಡಿ ಕಟ್ಟಿಕೊಂಡಿದೆ. 'ನಮ್ಮದು ಬಳ್ಳಾರಿ ಗ್ರಾಮೀಣ ಕ್ಷೇತ್ರ ಅಂತಾರೆ, ಹಾಗಾದ್ರೆ ಪಂಚಾಯ್ತಿಗೆ ಹೋಗಬೇಕಾ?' ಅಂತ ಕೇಳಿದ್ದೀರಿ. ಬೇಡ ಸರ್. ನಾನೂ ಮೊದಲು ಹೀಗೇ ಗೊಂದಲ ಮಾಡಿಕೊಂಡಿದ್ದೆ.

ಗ್ರಾಮೀಣ ಅನ್ನೋದು ವಿಧಾನಸಭೆ ಕ್ಷೇತ್ರದ ಹೆಸರು, ಅಷ್ಟೇ. ಶಾಸಕರು ಬೇರೆಯಾದರೂ ಕೌಲ್ ಬಜಾರ್ ಇರೋದು ಮಹಾನಗರ ಪಾಲಿಕೆಯೊಳಗೇ. ಬ್ರೂಸ್‌ಪೇಟೆ, ಸತ್ಯನಾರಾಯಣ ಪೇಟೆ, ಗಾಂಧಿನಗರ, ನಿಮ್ಮ ಏರಿಯಾ ಎಲ್ಲಾ ಒಂದೇ ಪಾಲಿಕೆ. ದೀಪ, ಚರಂಡಿ, ಕಸ ಎಲ್ಲಾ ಅವರದೇ ಕೆಲಸ. ಕಂಬದ ವೈರ್ ಹರಿದು ಬಿದ್ದಿದ್ದರೆ ಮಾತ್ರ ಮುಟ್ಟದೆ ಕರೆಂಟ್ ಕಂಪನಿ ಜೆಸ್ಕಾಂಗೆ ಹೇಳಿ.

ಅರ್ಜಿಯಲ್ಲಿ ವಾರ್ಡ್ ನಂಬರ್ ಸರಿಯಾಗಿ ಬರೀರಿ. ಜನ ಎಡವೋದೇ ಇಲ್ಲಿ. ಮೊದಲು 35 ವಾರ್ಡ್ ಇದ್ದವು, 2021ರ ಚುನಾವಣೆ ನಡೆದದ್ದು 39 ವಾರ್ಡ್‌ಗೆ. ಮನೆ ಮಾಲೀಕರ ಹಳೇ ಕಾಗದದಲ್ಲಿರೋ ನಂಬರ್ ಈಗ ಹೊಂದದೇ ಇರಬಹುದು. ಈ ವರ್ಷದ ಆಸ್ತಿ ತೆರಿಗೆ ರಸೀದಿ ಕೇಳಿ ನೋಡಿ. ವೋಟರ್ ಚೀಟಿಯಲ್ಲಿರೋ ಭಾಗ ಸಂಖ್ಯೆ ವಾರ್ಡ್ ನಂಬರ್ ಅಲ್ಲ, ಅದನ್ನು ಬರೆದು ನಾನು ಒಂದು ಸಲ ಸುಮ್ನೆ ಅಲೆದಿದ್ದೀನಿ.

ಅರ್ಜಿ ಕೊಟ್ಟಾಗ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಕಂಬದ ಮೇಲೆ ನಂಬರ್ ಇದ್ದರೆ ಅದನ್ನೂ ಬರೀರಿ, 'ಮಸೀದಿ ಪಕ್ಕದ ಕಂಬ' ಅಂದ್ರೆ ಕೌಲ್ ಬಜಾರ್‌ನಲ್ಲಿ ಯಾವ ಮಸೀದಿ ಅಂತ ಹುಡುಕ್ತಾರೆ ಹೇಳಿ!

ಅಂದಹಾಗೆ, ಮನೆ ಹೊಸ ಲೇಔಟ್‌ನಲ್ಲಿದ್ದರೆ ಅದು ಪಾಲಿಕೆಗೆ ಹಸ್ತಾಂತರ ಆಗಿದೆಯಾ ಅಂತ ಮೊದಲು ವಿಚಾರಿಸಿ. ಆಗಿಲ್ಲ ಅಂದ್ರೆ ಪಾಲಿಕೆಯವರು ನಗರಾಭಿವೃದ್ಧಿ ಪ್ರಾಧಿಕಾರದ ಕಡೆ ಕೈ ತೋರಿಸ್ತಾರೆ.