ನಾವು ಬಳ್ಳಾರಿಯವರು, ಮನೆಯಲ್ಲಿ ಎರಡು ನಾಯಿಗಳಿವೆ. ಚಿಕ್ಕ ಪೊಮೆರೇನಿಯನ್‌ಗೂ ದೊಡ್ಡ ಲ್ಯಾಬ್ರಡಾರ್‌ಗೂ ಒಂದೇ ಅಗಿಯುವ ತಿನಿಸು ಕೊಡಬಹುದಾ?

ಬೇಡ. ತಿನಿಸು ನಾಯಿಯ ಬಾಯಿಗಿಂತ ದೊಡ್ಡದಿರಬೇಕು, ಹಲ್ಲಿಗಿಂತ ಮೆತ್ತಗಿರಬೇಕು. ನಿಮ್ಮ ಎರಡು ನಾಯಿಗಳಿಗೆ ಈ ಅಳತೆ ಬೇರೆ ಬೇರೆ.

ಕಾರಣ ಅವು ತಿನ್ನುವ ರೀತಿಯಲ್ಲಿದೆ. ನಾಯಿ ನಮ್ಮ ಹಾಗೆ ದವಡೆಯನ್ನು ಅಕ್ಕಪಕ್ಕ ಆಡಿಸಿ ನುಣ್ಣಗೆ ಅರೆಯುವುದಿಲ್ಲ. ಕತ್ತರಿಯ ಹಾಗೆ ಕತ್ತರಿಸುತ್ತದೆ, ಗಂಟಲಿಗೆ ಹಿಡಿಸುತ್ತೆ ಅನ್ನಿಸಿದ ಕೂಡಲೇ ನುಂಗುತ್ತದೆ. ಪೊಮೆರೇನಿಯನ್ ಅರ್ಧ ಗಂಟೆ ಕಡಿಯುವ ತುಂಡನ್ನು ಲ್ಯಾಬ್ರಡಾರ್ ಎರಡೇ ಸಲ ಕಚ್ಚಿ ಗುಳುಂ ಮಾಡಬಹುದು. ಅದು ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಂಡರೆ ಕಷ್ಟ. ಹಾಗಾಗಿ ದೊಡ್ಡ ತಿನಿಸು ಕೊಟ್ಟರೂ ಪಕ್ಕದಲ್ಲೇ ಕೂತಿರಿ. ಸವೆದು ಚಿಕ್ಕದಾಯಿತೋ, ತೆಗೆದುಬಿಡಿ.

ಗಟ್ಟಿ ಎಷ್ಟಿದೆ ಅಂತ ನೋಡೋಕೆ ಹೆಬ್ಬೆರಳ ಉಗುರು ಒತ್ತಿ. ಗುರುತೇ ಬೀಳದಿದ್ದರೆ ಅಂಗಡಿಗೇ ವಾಪಸ್ ಕೊಡಿ, ಹಲ್ಲು ಸೀಳುವುದು ಅಂಥದ್ದರಿಂದಲೇ. ದೊಡ್ಡ ನಾಯಿಗೆ ಗಟ್ಟಿಯಾದದ್ದೇ ಬೇಕು ಅಂತ ಅನೇಕರು ತಿಳಿದಿದ್ದಾರೆ. ಆದರೆ ಅದು ಕಚ್ಚುವ ಬಲವೂ ಜಾಸ್ತಿ ಅಲ್ವಾ? ಗಟ್ಟಿಯದನ್ನು ಕಚ್ಚಿದರೆ ಅದರ ಹಲ್ಲೂ ಸೀಳಬಹುದು. ಹಾಲುಹಲ್ಲಿನ ಮರಿಗೆ, ಅಂದರೆ ಸುಮಾರು 6 ತಿಂಗಳವರೆಗೆ, ಇನ್ನೂ ಮೆತ್ತಗಿನದೇ ಇರಲಿ.

ಬಳ್ಳಾರಿಯವರು ಅಂದಿದ್ದೀರಿ, ಅದಕ್ಕೇ ಹೇಳುತ್ತೇನೆ: ಭಾನುವಾರದ ಬಿರಿಯಾನಿ ಮೂಳೆ ಯಾವ ಗಾತ್ರದ ನಾಯಿಗೂ ಬೇಡ. ಬೆಂದ ಮೂಳೆ ಸಿಬಿರು ಸಿಬಿರಾಗಿ ಒಡೆಯುತ್ತದೆ. ಮಸಾಲೆಯಲ್ಲಿರುವ ಈರುಳ್ಳಿ ಬೇರೆ ನಾಯಿಗೆ ವಿಷ. ನಮ್ಮ ಕಡೆಯ ಬಿಸಿಲಿಗೆ ಫ್ರಿಜ್‌ನಲ್ಲಿಟ್ಟು ತಣ್ಣಗಾದ ಗಜ್ಜರಿಯೇ ಚೆನ್ನ. ಲ್ಯಾಬ್ರಡಾರ್‌ಗೆ ದಪ್ಪನೆಯದನ್ನು ಇಡಿಯಾಗಿ, ಪೊಮೆರೇನಿಯನ್‌ಗೆ ಉದ್ದಕ್ಕೆ ತೆಳ್ಳಗೆ ಸೀಳಿ ಕೊಡಿ. ದುಂಡು ಬಿಲ್ಲೆ ಮಾತ್ರ ಹೆಚ್ಚಬೇಡಿ, ಗಂಟಲಿಗೆ ಬಿರಡೆಯಾಗುತ್ತದೆ.