ಎಂ.ಎಡ್. ಪ್ರಬಂಧಕ್ಕಾಗಿ ಇಸ್ಲಾಮೀ ಮತ್ತು ಪಾಶ್ಚಾತ್ಯ ಶಿಕ್ಷಣದ ಮೂಲತತ್ವಗಳನ್ನು ಹೋಲಿಸುವುದು ಹೇಗೆ?

ಎಡಗಡೆ ಇಸ್ಲಾಮೀ ಶಿಕ್ಷಣ, ಬಲಗಡೆ ಪಾಶ್ಚಾತ್ಯ ಶಿಕ್ಷಣ ಎಂದು ಕೋಷ್ಟಕ ಹಾಕಿಕೊಂಡಿರುವುದಾಗಿಯೂ, ಅದಕ್ಕೆ ಇನ್ನೂ ಯಾವ ಅಂಶಗಳನ್ನು ಸೇರಿಸಬೇಕೆಂದೂ ಕೇಳಿದ್ದೀರಿ. ಇದೇ ಕೋಷ್ಟಕವನ್ನು ನಾನೂ ಒಮ್ಮೆ ಹಾಕಿದ್ದೆ. ಅದು ನನ್ನ ಒಂದು ವರ್ಷವನ್ನು ನುಂಗಿತು.

ನಾನು ಕೊಡಗಿನ ನಾಪೋಕ್ಲು ಕಡೆಯವನು. ಬೆಳಿಗ್ಗೆ ಮದ್ರಸ, ಅದು ಮುಗಿದೊಡನೆ ಸರಕಾರಿ ಶಾಲೆ. ಅಲ್ಲಿ ಅರಬಿ ಮತ್ತು ಮಲಯಾಳ, ಇಲ್ಲಿ ಕನ್ನಡ. ಮಳೆಗಾಲದಲ್ಲಿ ಕಾಫಿ ತೋಟದ ಕಾಲುದಾರಿಯಲ್ಲಿ ಬಂದು, ಜಗಲಿಯಲ್ಲಿ ನಿಂತು ಕಾಲಿನ ಜಿಗಣೆಗಳನ್ನು ಕಿತ್ತು ಎಸೆದ ಮೇಲೆಯೇ ಒಳಗೆ ಹೋಗುತ್ತಿದ್ದೆವು. ನಮ್ಮ ಕಡೆ ‘ಳಾದ್’ ಎನ್ನುವ ಅರಬಿ ಅಕ್ಷರ ನನಗೆ ಎಷ್ಟು ಮಾಡಿದರೂ ಬರುತ್ತಿರಲಿಲ್ಲ. ನಾಲಗೆಯ ಅಂಚು ಮೇಲಿನ ದವಡೆ ಹಲ್ಲಿಗೆ ತಾಗಬೇಕು. ಉಸ್ತಾದರು ನನ್ನ ಕೆನ್ನೆಯ ಮೇಲೆ ಬೆರಳಿಟ್ಟು, “ಇಲ್ಲಿ ಮೋನೇ, ಇಲ್ಲಿ ತಾಗಲಿ” ಎನ್ನುತ್ತಿದ್ದರು. ಅದೊಂದೇ ಅಕ್ಷರಕ್ಕೆ ಅವರು ಒಂದು ವಾರ ಕೊಟ್ಟರು.

ಎಂ.ಎಡ್. ಪ್ರಬಂಧ ಬರೆಯುವಾಗ ಆ ವಾರವೆಲ್ಲ ‘ಕಂಠಪಾಠ’ ಎಂಬ ಒಂದು ಪದವಾಗಿ ಎಡಗಡೆಯ ಮನೆಯಲ್ಲಿ ಕೂತಿತು. ಅದರ ಕೆಳಗೆ ‘ನಂಬಿಕೆ’, ‘ಗುರುವಿಗೆ ಶರಣಾಗತಿ’. ಬಲಗಡೆ ‘ಪ್ರಶ್ನಿಸುವುದು’, ‘ಅನುಭವ’, ‘ಮಗುವಿನ ಸ್ವಾತಂತ್ರ್ಯ’. ಅವಕ್ಕೆ ಆಧಾರವಾಗಿ 18ನೆಯ ಶತಮಾನದ ಯೂರೋಪಿನ ಚಿಂತಕ ರೂಸೋ ಮತ್ತು ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ. ಕೋಷ್ಟಕ ನೋಡಲು ಬಹಳ ಅಚ್ಚುಕಟ್ಟಾಗಿತ್ತು.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕಿ ಆ ಪುಟದ ಮೇಲೆ ಕೈಯಿಟ್ಟು, “ಎಡಗಡೆ ನಿಮ್ಮೂರಿನ ಮದ್ರಸ ಇದೆ, ಬಲಗಡೆ ರೂಸೋ ಇದ್ದಾನೆ. ನೀವು ಓದಿದ ಸರಕಾರಿ ಶಾಲೆ ಎಲ್ಲಿ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಪ್ರಬಂಧ ತಿದ್ದುಪಡಿಗೆ ಹಿಂದಿರುಗಿತು. ಅಷ್ಟರೊಳಗೆ ನಾನು ಕಾದಿದ್ದ ಉಪನ್ಯಾಸಕ ಹುದ್ದೆಯ ಅರ್ಜಿಯ ಗಡುವೂ ದಾಟಿತು.

ಆ ತಪ್ಪನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವು ಕಳಿಸಿರುವ ಪಟ್ಟಿಯಲ್ಲಿಯೂ ಅದೇ ಇದೆ. ನಾನು ಒಂದು ಪರಂಪರೆಯ ದಿನನಿತ್ಯದ ನಡೆಯನ್ನು ಇನ್ನೊಂದು ಪರಂಪರೆಯ ಆದರ್ಶದ ಎದುರು ನಿಲ್ಲಿಸಿದ್ದೆ. ನಡೆಯನ್ನು ನಡೆಯೊಡನೆ ಹೋಲಿಸಿದ್ದರೆ, ಸರಕಾರಿ ಶಾಲೆಯಲ್ಲಿ ಕೈಕಟ್ಟಿ ನಿಂತು ಇಪ್ಪತ್ತರವರೆಗೆ ಮಗ್ಗಿ ಒಪ್ಪಿಸಿದ್ದೂ, ಗೈಡ್ ನೋಡಿ ಪ್ರಶ್ನೋತ್ತರ ಉರುಹೊಡೆದದ್ದೂ ಬಲಗಡೆಗೆ ಬರಬೇಕಿತ್ತು. ಆದರ್ಶವನ್ನು ಆದರ್ಶದೊಡನೆ ಹೋಲಿಸಿದ್ದರೆ, ರೂಸೋನ ಎದುರಿಗೆ 11ನೆಯ ಶತಮಾನದ ಇಸ್ಲಾಮೀ ವಿದ್ವಾಂಸ ಇಮಾಮ್ ಗಝಾಲಿ ಇರಬೇಕಿತ್ತೇ ಹೊರತು, ಅಲ್ಪ ಸಂಬಳದಲ್ಲಿ ನಲವತ್ತು ಮಕ್ಕಳನ್ನು ಸಂಭಾಳಿಸುತ್ತಿದ್ದ ನಮ್ಮ ಉಸ್ತಾದರಲ್ಲ. ಅಷ್ಟಕ್ಕೂ 1762ರಲ್ಲಿ ಮಗುವಿನ ಸಹಜ ಬೆಳವಣಿಗೆಯ ಬಗ್ಗೆ ಗ್ರಂಥ ಬರೆದ ರೂಸೋ ತನ್ನ ಸ್ವಂತ ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟವನು. ಅವನ ನಡೆಯನ್ನು ನಾನು ಕೋಷ್ಟಕಕ್ಕೆ ಸೇರಿಸಿರಲಿಲ್ಲ.

ಇನ್ನು ‘ಇಸ್ಲಾಂ ಎಂದರೆ ಕಂಠಪಾಠ, ಪಶ್ಚಿಮ ಎಂದರೆ ವಿಚಾರ’ ಎಂಬ ನಿಮ್ಮ ಗೆರೆಯನ್ನೇ ನಾನು ಒಪ್ಪುವುದಿಲ್ಲ. 1377ರಲ್ಲಿ ಮುಖದ್ದಿಮ ಎಂಬ ಗ್ರಂಥ ಬರೆದ ಅರಬ್ ಇತಿಹಾಸಕಾರ ಇಬ್ನ್ ಖಲ್ದೂನ್, ಚರ್ಚೆಯಿಲ್ಲದೆ ಬಾಯಿಪಾಠದಲ್ಲಿಯೇ ಮುಳುಗಿದ ವಿದ್ಯಾರ್ಥಿಗಳಿಗೆ ವಿದ್ಯೆ ಕರಗತವಾಗುವುದಿಲ್ಲ ಎಂದು ದೂರುತ್ತಾನೆ. ಮೊರಾಕ್ಕೋದ ಮದ್ರಸಗಳಲ್ಲಿ ಹದಿನಾರು ವರ್ಷ ಹಿಡಿಯುವ ಓದು ಟ್ಯೂನಿಸ್‌ನಲ್ಲಿ ಐದೇ ವರ್ಷದ್ದು ಎಂದು ತೋರಿಸುತ್ತಾನೆ. ಮಕ್ಕಳನ್ನು ಗದರಿಸಿ ಬಡಿದು ಕಲಿಸಿದರೆ ಅವರು ಸುಳ್ಳು ಮತ್ತು ಕಪಟವನ್ನು ಕಲಿಯುತ್ತಾರೆ ಎನ್ನುತ್ತಾನೆ. ಇದನ್ನು ಎಡಗಡೆ ಬರೆಯುತ್ತೀರೋ, ಬಲಗಡೆಯೋ? ಯೂರೋಪಿನ ವಿಶ್ವವಿದ್ಯಾಲಯಗಳು 17ನೆಯ ಶತಮಾನದವರೆಗೂ ವೈದ್ಯ ವಿದ್ಯಾರ್ಥಿಗಳಿಗೆ ಮುಸ್ಲಿಂ ವೈದ್ಯ ಇಬ್ನ್ ಸೀನಾನ ಗ್ರಂಥವನ್ನು ಪಾಠ ಹೇಳುತ್ತಿದ್ದವು. ಅದು ಯಾವ ಕಡೆಗೆ?

ಹಾಗೆಂದು ವ್ಯತ್ಯಾಸವೇ ಇಲ್ಲವೆಂದಲ್ಲ. ಅದು ವಿಧಾನದಲ್ಲಿಲ್ಲ, ಕಲಿಕೆ ಯಾವುದಕ್ಕಾಗಿ ಎಂಬಲ್ಲಿದೆ. ಬಗ್ದಾದಿನ ನಿಝಾಮಿಯಾ ಮದ್ರಸದಲ್ಲಿ 1091ರಿಂದ ಪಾಠ ಹೇಳಿ, ಖ್ಯಾತಿಯ ತುದಿಯಲ್ಲಿದ್ದಾಗಲೇ 1095ರಲ್ಲಿ ಬಿಟ್ಟುಹೋದ ಗಝಾಲಿ, ವಿದ್ಯೆಯನ್ನು ಫರ್ಳ್ ಐನ್ ಮತ್ತು ಫರ್ಳ್ ಕಿಫಾಯ ಎಂದು ವಿಂಗಡಿಸಿದರು. ಮೊದಲನೆಯದನ್ನು ಪ್ರತಿಯೊಬ್ಬರೂ ಕಲಿಯಲೇಬೇಕು. ಎರಡನೆಯದು ಊರಿನ ಹೊಣೆ: ವೈದ್ಯ, ಲೆಕ್ಕ ಮುಂತಾದವನ್ನು ಸಾಕಷ್ಟು ಮಂದಿ ಕಲಿತರೆ ಎಲ್ಲರ ಋಣವೂ ತೀರುತ್ತದೆ, ಯಾರೂ ಕಲಿಯದಿದ್ದರೆ ದೋಷ ಎಲ್ಲರಿಗೂ. ಇಲ್ಲಿ ವಿದ್ಯೆ ಎನ್ನುವುದು ದೇವರ ಮುಂದೆಯೂ ಊರಿನ ಮುಂದೆಯೂ ಉತ್ತರ ಹೇಳಬೇಕಾದ ಬಾಧ್ಯತೆ. 1977ರ ಮಕ್ಕಾ ಶಿಕ್ಷಣ ಸಮ್ಮೇಳನದ ಕಾಲದಲ್ಲಿ ಮಲೇಷ್ಯಾದ ಚಿಂತಕ ನಕೀಬ್ ಅಲ್-ಅತ್ತಾಸ್ ಅವರು ಶಿಕ್ಷಣಕ್ಕೆ ‘ತಅದೀಬ್’ ಎಂಬ ಪದವೇ ಸರಿ ಎಂದು ವಾದಿಸಿದ್ದೂ ಇದೇ ಜಾಡಿನಲ್ಲಿ. ಅದರ ಬೇರು ಅದಬ್, ಅಂದರೆ ಪ್ರತಿಯೊಂದಕ್ಕೂ ಅದರದರ ಸ್ಥಾನವನ್ನು ಅರಿತು ಸಲ್ಲಿಸುವ ನಡತೆ. 1916ರಲ್ಲಿ ‘ಡೆಮಾಕ್ರಸಿ ಆಂಡ್ ಎಜುಕೇಷನ್’ ಬರೆದ ಡ್ಯೂಯಿಗೆ ಬೆಳವಣಿಗೆಯ ಆಚೆ ಶಿಕ್ಷಣಕ್ಕೆ ಬೇರೆ ಗುರಿಯಿಲ್ಲ. ಗಝಾಲಿ ಮತ್ತು ಡ್ಯೂಯಿ ಇಬ್ಬರನ್ನು ಎದುರುಬದುರು ಕೂರಿಸಿರಿ, ಆದರೆ ಪ್ಲೇಟೋನನ್ನು ಮಾತ್ರ ಡ್ಯೂಯಿಯ ಪಕ್ಕಕ್ಕೆ ಸೇರಿಸಬೇಡಿ. ಒಳಿತೆಂಬ ಪರಮ ಗುರಿಯ ವಿಷಯದಲ್ಲಿ ಅವನು ಗಝಾಲಿಯ ಕಡೆಗೇ ಹೆಚ್ಚು ವಾಲುತ್ತಾನೆ.

ಎರಡನೆಯ ಸಲ ಬರೆದಾಗ ಕೋಷ್ಟಕವನ್ನು ಕಿತ್ತುಹಾಕಿದೆ. ಗುರಿಗೆ ಒಂದು ಅಧ್ಯಾಯ, ಗುರುವಿನ ಅಧಿಕಾರ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇನ್ನೊಂದು. ಬಾಯಿಂದ ಬಾಯಿಗೆ ತಿದ್ದಿ, ಸರಿಯಾಯಿತೆಂದು ಗುರುವೇ ಕೊಡುವ ಇಜಾಝತ್ ಎಂಬ ಅನುಮತಿಯನ್ನು ವಿವರಿಸಲು ನನ್ನ ಕೆನ್ನೆಯ ಮೇಲಿದ್ದ ಆ ಬೆರಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಬೈಂಡ್ ಮಾಡಿಸಿದ ಪ್ರತಿಯನ್ನು ಉಸ್ತಾದರಿಗೆ ಕೊಟ್ಟೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಒಂದೊಂದೇ ಹಾಳೆ ಮಗುಚುತ್ತ ಹೋಗಿ, ಅರಬಿ ಲಿಪಿಯಲ್ಲಿ ‘ಫರ್ಳ್’ ಎಂದು ಅಚ್ಚಾಗಿದ್ದಲ್ಲಿ ನಿಂತರು. ಕೊನೆಯ ಅಕ್ಷರದ ಮೇಲಿನ ಚುಕ್ಕೆ ಬಿಟ್ಟುಹೋಗಿ, ‘ಳಾದ್’ ಇದ್ದದ್ದು ‘ಸ್ವಾದ್’ ಆಗಿತ್ತು. ಜೇಬಿನಿಂದ ಪೆನ್ನು ತೆಗೆದು ಚುಕ್ಕೆ ಇಟ್ಟು, “ಈಗಲೂ ಇದೇ ಅಕ್ಷರವಾ ಮೋನೇ?” ಎಂದರು.